ಏರುಪೇರಿನ ಕಾಂತದೊಳಗೆ ನೇರ ಚಿತ್ರ

ಮೊಣಕಾಲಿನ ಎಂಆರ್‌ಐ ಚಿತ್ರದಲ್ಲಿ ಕೆಲವೊಮ್ಮೆ ಮೊಣಕಾಲೇ ಇರುವುದಿಲ್ಲ. ಬೈಕಿನಿಂದ ಬಿದ್ದು ಮೂಳೆ ಮುರಿದುಕೊಂಡವರಿಗೆ ಸ್ಟೀಲಿನ ಪ್ಲೇಟು, ಸ್ಕ್ರೂ ಹಾಕಿರುತ್ತಾರೆ. ವರ್ಷಗಳಾದ ಮೇಲೆ ಅದೇ ಜಾಗದಲ್ಲಿ ನೋವು ಕಾಣಿಸಿಕೊಳ್ಳುತ್ತದೆ, ವೈದ್ಯರು ಸ್ಕ್ಯಾನ್‌ಗೆ ಬರೆದುಕೊಡುತ್ತಾರೆ. ಫಿಲ್ಮ್ ಕೈಗೆ ಬಂದಾಗ ಅದರಲ್ಲಿರುವುದು ಒಂದು ಕರಿ ಹಳ್ಳ, ಹಳ್ಳದ ಅಂಚಿಗೆ ಕಣ್ಣು ಕುಕ್ಕುವ ಬಿಳಿ ಗೆರೆ, ಸುತ್ತಮುತ್ತ ಸೊಟ್ಟಗಾದ ಮೂಳೆ. ಒಂದು ಸ್ಕ್ರೂ ಹೆಬ್ಬೆರಳಿನ ಉಗುರಿನಷ್ಟಿದ್ದರೆ ಹಳ್ಳ ಅಂಗೈಯಷ್ಟಿರುತ್ತದೆ. ನೋವಿನ ಕಾರಣ ಏನೇ ಇದ್ದರೂ ಅದು ಆ ಕತ್ತಲೆಯ ಒಳಗೇ ಉಳಿದುಬಿಡುತ್ತದೆ.

ಲೋಹ ಅಡ್ಡ ಬಂದು ಹಿಂದಿನದ್ದನ್ನು ಮರೆಮಾಡಿದೆ ಎಂದು ಅಂದುಕೊಳ್ಳುವುದು ಸಹಜ. ಎಕ್ಸ್‌ರೇ ವಿಷಯದಲ್ಲಿ ಅದು ನಿಜ. ಎಂಆರ್‌ಐನಲ್ಲಿ ಆಗುವುದೇ ಬೇರೆ. ಸ್ಕ್ರೂವಿನ ಸುತ್ತಲಿನ ಮಾಂಸ, ಮಜ್ಜೆ, ನೀರು ಎಲ್ಲವೂ ಸಂಕೇತ ಕಳುಹಿಸುತ್ತಲೇ ಇರುತ್ತವೆ. ಆ ಸಂಕೇತ ಯಾವ ಜಾಗದಿಂದ ಬಂತು ಎಂದು ಹೇಳುವ ಲೆಕ್ಕ ಕೆಟ್ಟಿರುತ್ತದೆ, ಏಕೆಂದರೆ ಆ ಲೆಕ್ಕಕ್ಕೆ ಆಧಾರವಾದ ಸಮನಾದ ಕಾಂತಕ್ಷೇತ್ರವನ್ನು ಲೋಹದ ತುಂಡು ಏರುಪೇರು ಮಾಡಿರುತ್ತದೆ. ಈ ಏರುಪೇರನ್ನು ಹೇಗೆ ಎದುರಿಸಬೇಕು ಎಂಬುದು ಎಂಆರ್‌ಐ ಇತಿಹಾಸದ ಉದ್ದಕ್ಕೂ ಹರಿದುಬಂದಿರುವ ಪ್ರಶ್ನೆ. ಅದಕ್ಕೆ ಸಿಕ್ಕಿರುವ ಉತ್ತರಗಳು ಇನ್ನು ಮುಂದೆ ಈ ಯಂತ್ರ ಯಾವ ಊರಿನವರೆಗೆ ತಲುಪಬಲ್ಲದು ಎಂಬುದನ್ನೂ ನಿರ್ಧರಿಸಲಿವೆ. ಹಾಗಾಗಿ ಇದನ್ನು ತಜ್ಞರಿಗಷ್ಟೇ ಬಿಟ್ಟುಬಿಡುವುದು ಸರಿಯಲ್ಲ ಎಂದು ನನಗನಿಸುತ್ತದೆ.

ಮೊದಲು ಮೂಲ ಸಂಗತಿ. ನಮ್ಮ ದೇಹದ ನೀರಿನಲ್ಲಿ, ಕೊಬ್ಬಿನಲ್ಲಿ ಹೈಡ್ರೋಜನ್ ಇದೆ. ಅದರ ಪರಮಾಣುವಿನ ನಡುವೆ ಇರುವ ಪ್ರೋಟಾನ್ ಒಂದು ಪುಟಾಣಿ ಕಾಂತ. ಬಲವಾದ ಕಾಂತಕ್ಷೇತ್ರದೊಳಗೆ ಇಟ್ಟು ರೇಡಿಯೋ ತರಂಗದಿಂದ ಕದಲಿಸಿದರೆ ಅದು ಕ್ಷೇತ್ರದ ದಿಕ್ಕಿನ ಸುತ್ತ ಓಲಾಡುತ್ತಾ ತಿರುಗುತ್ತದೆ, ತಿರುಗುವಾಗ ತಾನೂ ರೇಡಿಯೋ ಸಂಕೇತ ಹೊರಡಿಸುತ್ತದೆ. ತಿರುಗುವ ವೇಗ ಕಾಂತಕ್ಷೇತ್ರದ ಬಲಕ್ಕೆ ಕಟ್ಟುಬಿದ್ದದ್ದು. ಒಂದು ಟೆಸ್ಲಾ ಬಲಕ್ಕೆ ಸೆಕೆಂಡಿಗೆ 4.258 ಕೋಟಿ ಸುತ್ತು, ಅಂದರೆ 42.58 ಮೆಗಾಹರ್ಟ್ಸ್. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಇದು ಸುಮಾರು 64 ಮೆಗಾಹರ್ಟ್ಸ್. ಕ್ಷೇತ್ರ ಹೆಚ್ಚಿದ್ದಲ್ಲಿ ವೇಗ ಹೆಚ್ಚು, ಕಡಿಮೆಯಿದ್ದಲ್ಲಿ ಕಡಿಮೆ. ಎಂಆರ್‌ಐನ ಎಲ್ಲ ಸಾಮರ್ಥ್ಯವೂ ಎಲ್ಲ ತೊಂದರೆಯೂ ಈ ಒಂದು ನಿಯಮದಿಂದಲೇ ಹುಟ್ಟುತ್ತವೆ.

ಈ ಕಾಂತದಿಂದ ಎಷ್ಟು ಸಮತೆಯನ್ನು ಬೇಡುತ್ತಾರೆ ಎಂಬುದನ್ನು ಅಂಕಿಯಲ್ಲಿ ನೋಡಬೇಕು. ಸುಮಾರು 40ರಿಂದ 50 ಸೆಂಟಿಮೀಟರ್ ವ್ಯಾಸದ ಗೋಳದೊಳಗೆ ಕ್ಷೇತ್ರ ಎಲ್ಲೆಡೆಯೂ ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳಿಗಿಂತ ಹೆಚ್ಚು ಬದಲಾಗಬಾರದು. ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನಲ್ಲಿ ಮುಳುಗಿದ ಅತಿವಾಹಕ ತಂತಿಯ ಸುರುಳಿಗಳನ್ನು ಎಷ್ಟೇ ಜತನದಿಂದ ಸುತ್ತಿದರೂ ಕಾರ್ಖಾನೆಯಿಂದ ಬರುವಾಗ ಈ ಸಮತೆ ಇರುವುದಿಲ್ಲ. ಯಂತ್ರ ಕೂರಿಸುವ ಕೋಣೆಯ ಕಬ್ಬಿಣದ ಕಂಬಿಗಳೂ ಪಕ್ಕದ ಲಿಫ್ಟೂ ಅದನ್ನು ಇನ್ನಷ್ಟು ಕೆಡಿಸುತ್ತವೆ. ಹಾಗಾಗಿ ಇಂಜಿನಿಯರುಗಳು ಸುರಂಗದೊಳಗೆ ಹತ್ತಾರು ಬಿಂದುಗಳಲ್ಲಿ ಕ್ಷೇತ್ರವನ್ನು ಅಳೆದು, ಗೋಡೆಯ ಖಾನೆಗಳಲ್ಲಿ ಚಿಕ್ಕ ಚಿಕ್ಕ ಕಬ್ಬಿಣದ ಬಿಲ್ಲೆಗಳನ್ನು ತುಂಬಿ, ಮತ್ತೆ ಅಳೆದು, ಮತ್ತೆ ತುಂಬುತ್ತಾರೆ. ಇದಕ್ಕೆ ಶಿಮ್ಮಿಂಗ್ ಎನ್ನುತ್ತಾರೆ. ಉಳಿದ ಅಲ್ಪಸ್ವಲ್ಪ ವ್ಯತ್ಯಾಸವನ್ನು ವಿದ್ಯುತ್ ಹರಿಯುವ ಶಿಮ್ ಸುರುಳಿಗಳು ಪ್ರತಿ ರೋಗಿಗೂ ಪ್ರತ್ಯೇಕವಾಗಿ ಸರಿಮಾಡುತ್ತವೆ.

ಇಷ್ಟಾದ ಮೇಲೆ ಯಂತ್ರದೊಳಗೆ ಒಬ್ಬ ಮನುಷ್ಯ ಮಲಗುತ್ತಾನೆ. ಅಷ್ಟಕ್ಕೇ ಕ್ಷೇತ್ರ ಮತ್ತೆ ಏರುಪೇರಾಗುತ್ತದೆ. ಕಾಂತದ ಪ್ರಭಾವಕ್ಕೆ ಗಾಳಿ ಒಂದು ರೀತಿ ಸ್ಪಂದಿಸುತ್ತದೆ, ಮಾಂಸಖಂಡ ಇನ್ನೊಂದು ರೀತಿ. ಇವೆರಡರ ನಡುವಿನ ವ್ಯತ್ಯಾಸ ಹತ್ತು ಲಕ್ಷದಲ್ಲಿ ಸುಮಾರು ಒಂಬತ್ತು ಭಾಗ. ಮೂಗಿನ ಹಿಂದಿನ ಸೈನಸ್ ಪೊಳ್ಳು, ಕಿವಿಯ ಒಳಭಾಗ, ಶ್ವಾಸಕೋಶ, ಅನಿಲ ತುಂಬಿದ ಕರುಳು ಇವೆಲ್ಲದರ ಅಂಚಿನಲ್ಲಿ ಕ್ಷೇತ್ರ ತಿರುಚಿಕೊಳ್ಳುತ್ತದೆ. ಕೋಟಿಗಟ್ಟಲೆ ರೂಪಾಯಿ ಸುರಿದು ಗಳಿಸಿದ ಸಮತೆ ರೋಗಿಯ ಮೂಗಿನೊಳಗಿನ ಗಾಳಿಯಿಂದ ಕೆಡುತ್ತದೆ ಎಂದರೆ, ಕಾಂತವನ್ನು ತಿದ್ದುವುದರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ ಎಂದಾಯಿತು. ಏರುಪೇರಿನ ನಡುವೆಯೇ ಕೆಲಸ ಮಾಡುವ ಉಪಾಯ ಬೇಕು.

ಆ ಉಪಾಯಗಳಲ್ಲಿ ಮೊದಲನೆಯದು ಎಂಆರ್‌ಐ ಹುಟ್ಟುವುದಕ್ಕೂ ಮುಂಚಿನದು. ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ 1946ರಲ್ಲಿ ಬೇರೆ ಬೇರೆಯಾಗಿ ದ್ರವ ಮತ್ತು ಘನವಸ್ತುಗಳಲ್ಲಿ ಕಾಂತೀಯ ಅನುರಣನವನ್ನು ತೋರಿಸಿದ್ದರು. ಆಗಿನ ಪ್ರಯೋಗಾಲಯದ ಕಾಂತಗಳು ಒರಟು. ಒಮ್ಮೆ ರೇಡಿಯೋ ಮಿಡಿತ ಕೊಟ್ಟರೆ ಸಂಕೇತ ಹುಟ್ಟಿದ ಕ್ಷಣದಲ್ಲೇ ಸೊರಗಿಹೋಗುತ್ತಿತ್ತು. ಏಕೆಂದು ಲೆಕ್ಕ ಹಾಕಬಹುದು. 1.5 ಟೆಸ್ಲಾದಲ್ಲಿ ಹತ್ತು ಲಕ್ಷದಲ್ಲಿ ಒಂದು ಭಾಗದ ವ್ಯತ್ಯಾಸವೆಂದರೆ 64 ಹರ್ಟ್ಸ್. ಒಂದೆಡೆಯ ಪ್ರೋಟಾನ್ ಪಕ್ಕದೆಡೆಯದಕ್ಕಿಂತ ಸೆಕೆಂಡಿಗೆ 64 ಸುತ್ತು ಹೆಚ್ಚು ತಿರುಗುತ್ತದೆ. ಸೆಕೆಂಡಿನ ಸಾವಿರ ಭಾಗದಲ್ಲಿ ಎಂಟು ಭಾಗ ಕಳೆಯುವಷ್ಟರಲ್ಲಿ ಇವೆರಡೂ ಪರಸ್ಪರ ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತವೆ, ಒಂದರ ಸಂಕೇತ ಇನ್ನೊಂದರದನ್ನು ಅಳಿಸುತ್ತದೆ.

ಇಲಿನಾಯ್ ವಿಶ್ವವಿದ್ಯಾಲಯದ ಎರ್ವಿನ್ ಹಾನ್ ಎಂಬ ತರುಣ ವಿಜ್ಞಾನಿ 1949ರಲ್ಲಿ ಒಂದರ ಹಿಂದೆ ಒಂದು ಮಿಡಿತ ಕೊಟ್ಟು ನೋಡುತ್ತಿದ್ದಾಗ, ಎರಡನೆಯ ಮಿಡಿತವಾಗಿ ಸ್ವಲ್ಪ ಹೊತ್ತಿನ ಮೇಲೆ, ಯಾರೂ ಏನೂ ಮಾಡದಿರುವಾಗ ತೆರೆಯ ಮೇಲೆ ತಾನಾಗಿ ಒಂದು ಸಂಕೇತ ಎದ್ದಿತು. ಉಪಕರಣದ ದೋಷ ಇರಬೇಕು ಎಂಬುದು ಅವರ ಮೊದಲ ಅನಿಸಿಕೆ. ದೋಷವಲ್ಲ ಎಂದು ಗೊತ್ತಾದ ಮೇಲೆ 1950ರಲ್ಲಿ ಅವರು ಬರೆದ ಪ್ರಬಂಧವೇ ‘ಸ್ಪಿನ್ ಎಕೋ’ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟಿತು. ಸತ್ತುಹೋಯಿತು ಎಂದುಕೊಂಡಿದ್ದ ಸಂಕೇತ ಸತ್ತಿರಲಿಲ್ಲ, ಚದುರಿತ್ತು. ಚದುರಿದ್ದನ್ನು ಮತ್ತೆ ಕೂಡಿಸಬಹುದಿತ್ತು.

ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಗುಂಪನ್ನು ನೆನೆದುಕೊಂಡರೆ ಇದು ಅರ್ಥವಾಗುತ್ತದೆ. ಎಲ್ಲರೂ ಊರ ಬಾಗಿಲಿನಿಂದ ಒಂದೇ ಗಳಿಗೆಗೆ ಹೊರಡುತ್ತಾರೆ. ಹುಡುಗರು ಮುಂದೆ ಮುಂದೆ, ಮಂಡಿ ನೋವಿನವರು ಹಿಂದೆ ಹಿಂದೆ. ಎರಡು ಗಂಟೆಯೊಳಗೆ ಗುಂಪೆಂಬುದೇ ಇರುವುದಿಲ್ಲ, ರಸ್ತೆಯುದ್ದಕ್ಕೂ ಹರಡಿಹೋಗಿರುತ್ತಾರೆ. ಆಗ ಎಲ್ಲರಿಗೂ ಒಟ್ಟಿಗೆ ಫೋನ್ ಮಾಡಿ ‘ಇದ್ದಲ್ಲಿಂದಲೇ ತಿರುಗಿ ಬನ್ನಿ’ ಎಂದರೆ ಏನಾಗುತ್ತದೆ? ಮುಂದೆ ಹೋದವರು ಹೆಚ್ಚು ದೂರ ಬರಬೇಕು, ಆದರೆ ಅವರ ಕಾಲು ಚುರುಕು. ಹಿಂದೆ ಉಳಿದವರ ಕಾಲು ನಿಧಾನ, ಆದರೆ ಅವರ ದಾರಿ ಚಿಕ್ಕದು. ಇನ್ನೆರಡು ಗಂಟೆಗೆ ಸರಿಯಾಗಿ ಎಲ್ಲರೂ ಊರ ಬಾಗಿಲಲ್ಲಿ ಒಟ್ಟಿಗೆ ಸೇರುತ್ತಾರೆ. ಯಾರ ನಡಿಗೆ ಎಷ್ಟು ಎಂದು ನಮಗೆ ತಿಳಿದಿರಬೇಕಾಗಿಯೇ ಇಲ್ಲ. ಎರಡನೆಯ ರೇಡಿಯೋ ಮಿಡಿತ ಮಾಡುವುದು ಇದನ್ನೇ. ಕ್ಷೇತ್ರ ಎಲ್ಲಿ ಎಷ್ಟು ಕೆಟ್ಟಿದೆ ಎಂಬುದರ ಅರಿವಿಲ್ಲದೆಯೇ ಅದರ ಕೇಡನ್ನು ತೊಡೆದುಹಾಕುವ ಈ ಯೋಚನೆಯ ಚೆಲುವು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ದಾರಿಯಲ್ಲಿ ಯಾರಾದರೂ ನಡಿಗೆ ಬದಲಿಸಿದರೆ ಅವರು ಸರಿಯಾದ ಹೊತ್ತಿಗೆ ಬಂದು ಸೇರುವುದಿಲ್ಲ. ಪ್ರೋಟಾನುಗಳಲ್ಲೂ ಹಾಗೆಯೇ. ಅಕ್ಕಪಕ್ಕದ ಅಣುಗಳ ತಾಕಲಾಟದಿಂದ ಕೆಲವು ತಾಳ ತಪ್ಪುತ್ತವೆ, ಅವು ಮರಳಿ ಕೂಡಿಕೊಳ್ಳುವುದಿಲ್ಲ. ಆ ನಷ್ಟಕ್ಕೆ ಹಿಡಿಯುವ ಸಮಯವೇ ಟಿ2 ಎಂಬ ಅಳತೆ. ಊತ, ಸೋಂಕು, ಗಡ್ಡೆ ಇದ್ದ ಕಡೆ ಇದು ಸಾಮಾನ್ಯವಾಗಿ ಬೇರೆಯಾಗಿರುತ್ತದೆ. ಕಾಂತದ ಒರಟುತನವನ್ನು ತೊಡೆದು ಅಂಗಾಂಶದ ಗುಣವನ್ನು ಮಾತ್ರ ಉಳಿಸಿಕೊಡುವುದರಿಂದ ಸ್ಪಿನ್ ಎಕೋ ರೋಗಪತ್ತೆಯ ಮುಖ್ಯ ಸಾಧನವಾಯಿತು. 1954ರಲ್ಲಿ ಹರ್ಮನ್ ಕಾರ್ ಮತ್ತು ಪರ್ಸೆಲ್ ಒಂದರ ಹಿಂದೊಂದು ಎಕೋಗಳ ಸರಪಣಿ ಹೊರಡಿಸುವ ವಿಧಾನ ಕಂಡುಹಿಡಿದರು. 1958ರಲ್ಲಿ ಮೈಬೂಮ್ ಮತ್ತು ಗಿಲ್ ಅದನ್ನು ಇನ್ನಷ್ಟು ತಿದ್ದಿದರು.

ಇದುವರೆಗಿನ ಕತೆಯಲ್ಲಿ ಏರುಪೇರು ಶತ್ರು. 1971ರಲ್ಲಿ ಪಾಲ್ ಲಾಟರ್ಬರ್ ಅದನ್ನು ಮಿತ್ರನನ್ನಾಗಿಸಿಕೊಂಡರು. ಕ್ಷೇತ್ರ ಹೆಚ್ಚಿದ್ದಲ್ಲಿ ಆವೃತ್ತಿ ಹೆಚ್ಚು ಎಂದಾದರೆ, ನಾವೇ ಬೇಕೆಂದು ಕ್ಷೇತ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಏರಿಸಿದರೆ? ಆಗ ಸಂಕೇತದ ಆವೃತ್ತಿಯೇ ಅದು ಬಂದ ಜಾಗವನ್ನು ಹೇಳುತ್ತದೆ. ಬೇರೆ ಬೇರೆ ದಿಕ್ಕಿನಿಂದ ಇಂಥ ಇಳಿಜಾರುಗಳನ್ನು ಹಾಕಿ ಎರಡು ಪುಟ್ಟ ನೀರಿನ ಕೊಳವೆಗಳ ಚಿತ್ರವನ್ನು ಅವರು ಪಡೆದರು. ‘ನೇಚರ್’ ಪತ್ರಿಕೆ ಆ ಪ್ರಬಂಧವನ್ನು ಮೊದಲು ತಿರಸ್ಕರಿಸಿ, 1973ರಲ್ಲಿ ಪ್ರಕಟಿಸಿತು. 2003ರಲ್ಲಿ ಅವರಿಗೂ ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಬಂತು. ಸ್ಕ್ಯಾನ್ ಮಾಡುವಾಗ ಕೇಳುವ ಆ ಜೋರಾದ ಟಕಟಕ ಸದ್ದು ಇದೇ ಇಳಿಜಾರುಗಳದ್ದು. ಇಳಿಜಾರನ್ನು ಉಂಟುಮಾಡುವ ಗ್ರೇಡಿಯೆಂಟ್ ಸುರುಳಿಗಳಲ್ಲಿ ವಿದ್ಯುತ್ ಹರಿದು ನಿಲ್ಲುವಾಗ ಅವು ಅದುರಿ ಸದ್ದು ಮಾಡುತ್ತವೆ.

ಇಲ್ಲಿ ಬೆಂಗಳೂರಿನ ಪಾತ್ರವನ್ನು ಹೇಳಲೇಬೇಕು. ಇಂದು ಎಲ್ಲ ಯಂತ್ರಗಳೂ ಅನುಸರಿಸುವ ಚಿತ್ರರಚನೆಯ ಗಣಿತ 1975ರಲ್ಲಿ ಜ್ಯೂರಿಕ್‌ನಿಂದ ಬಂದ ಒಂದು ಪ್ರಬಂಧದಲ್ಲಿದೆ. ಅದರ ಮೂವರು ಲೇಖಕರಲ್ಲಿ ರಸಾಯನ ವಿಜ್ಞಾನಿ ರಿಚರ್ಡ್ ಅರ್ನ್‌ಸ್ಟ್ ಅವರ ಹೆಸರು ಕೊನೆಯದು, ಮೊದಲನೆಯದು ಅನಿಲ್ ಕುಮಾರ್. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ತಲೆಮಾರುಗಳ ವಿದ್ಯಾರ್ಥಿಗಳನ್ನು ಬೆಳೆಸಿದವರು ಇವರೇ. ಅದಕ್ಕೂ ಬಹಳ ಮುಂಚೆ, 1951ರಲ್ಲಿ, ಅದೇ ಸಂಸ್ಥೆಯ ಜಿ. ಸೂರ್ಯನ್ ಕೊಳವೆಯಲ್ಲಿ ಹರಿಯುವ ದ್ರವದ ಅನುರಣನ ಸಂಕೇತವು ಹರಿವಿನ ವೇಗಕ್ಕೆ ತಕ್ಕಂತೆ ಬದಲಾಗುವುದನ್ನು ಅಳೆದು ಪ್ರಕಟಿಸಿದ್ದರು. ರಕ್ತದ ಹರಿವನ್ನು ಎಂಆರ್‌ಐನಲ್ಲಿ ನೋಡುವ ವಿದ್ಯೆಯ ಬೇರು ಅಲ್ಲಿದೆ. ಈ ಎರಡು ಹೆಸರುಗಳು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಾದವು.

1975ರ ವಿಧಾನಕ್ಕೆ ಒಂದು ತೊಡಕಿತ್ತು. ಅದರಲ್ಲಿ ಇಳಿಜಾರಿನ ಅವಧಿಯನ್ನು ಅಳತೆಯ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬದಲಿಸುತ್ತಿದ್ದರು. ಅವಧಿ ಹೆಚ್ಚಿದಂತೆ ಕಾಂತದ ಸ್ವಂತ ಏರುಪೇರು ಮಾಡುವ ತಪ್ಪೂ ಹೆಚ್ಚುತ್ತಿತ್ತು, ಚಿತ್ರ ಕಲಸಿಹೋಗುತ್ತಿತ್ತು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ತಂಡ 1980ರಲ್ಲಿ ಒಂದು ಸರಳ ಬದಲಾವಣೆ ಮಾಡಿತು. ಅವಧಿಯನ್ನು ಹಾಗೆಯೇ ಇಟ್ಟು ಇಳಿಜಾರಿನ ಕಡಿದುತನವನ್ನು ಮಾತ್ರ ಹೆಚ್ಚು ಕಡಿಮೆ ಮಾಡಿತು. ಆಗ ಕಾಂತದ ತಪ್ಪು ಪ್ರತಿ ಸಾಲಿನಲ್ಲೂ ಒಂದೇ ಅಳತೆಯದಾಗಿ, ಆ ದಿಕ್ಕಿನಲ್ಲಿ ಚಿತ್ರ ಸೊಟ್ಟಗಾಗುವುದು ನಿಂತಿತು. ಸ್ಪಿನ್ ವಾರ್ಪ್ ಎಂಬ ಈ ವಿಧಾನದಿಂದ ಅದೇ ವರ್ಷ ಆಗಸ್ಟ್ 28ರಂದು ಒಬ್ಬ ರೋಗಿಯ ಎದೆಯಲ್ಲಿನ ಗಡ್ಡೆಯನ್ನೂ ಯಕೃತ್ತಿನ ತೊಂದರೆಯನ್ನೂ ಮೂಳೆಗೆ ಹರಡಿದ್ದ ಕ್ಯಾನ್ಸರನ್ನೂ ಕಂಡರು. ಅವರ ಕಾಂತದ ಬಲ ಎಷ್ಟಿತ್ತು ಎಂಬುದನ್ನು ಓದುಗರು ಗಮನಿಸಬೇಕು: ಕೇವಲ 0.04 ಟೆಸ್ಲಾ.

ಆಮೇಲಿನ ನಾಲ್ಕು ದಶಕ ವೇಗದ ಬೆನ್ನು ಹತ್ತಿದ ಕಾಲ. ಮ್ಯಾನ್ಸ್‌ಫೀಲ್ಡ್ 1977ರಲ್ಲಿ ಸೂಚಿಸಿದ್ದ ಎಕೋ ಪ್ಲೇನರ್ ವಿಧಾನದಲ್ಲಿ ಇಡೀ ಒಂದು ಪದರದ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ಪಾರ್ಶ್ವವಾಯು ಬಡಿದವರ ಮಿದುಳಿನಲ್ಲಿ ಯಾವ ಭಾಗಕ್ಕೆ ರಕ್ತ ನಿಂತಿದೆ ಎಂದು ನಿಮಿಷಗಳಲ್ಲಿ ಹೇಳಲು ಇದೇ ಆಧಾರ. ಆದರೆ ಈ ವಿಧಾನ ಏರುಪೇರಿಗೆ ತುಂಬ ನಾಜೂಕು. ಒಂದು ದಿಕ್ಕಿನಲ್ಲಿ ಇಪ್ಪತ್ತು ಹರ್ಟ್ಸ್ ವ್ಯತ್ಯಾಸವಾದರೆ ಸಂಕೇತ ಒಂದು ಚುಕ್ಕಿಯಷ್ಟು ಸರಿಯುತ್ತದೆ ಎಂದಿಟ್ಟುಕೊಂಡರೆ, 64 ಹರ್ಟ್ಸ್‌ಗೆ ಮೂರು ಚುಕ್ಕಿಗಿಂತ ಹೆಚ್ಚು ಸರಿಯುತ್ತದೆ. ಹುಬ್ಬಿನ ಹಿಂದಿನ, ಕಿವಿಯ ಮೇಲಿನ ಮಿದುಳಿನ ಭಾಗ ಇಂಥ ಚಿತ್ರಗಳಲ್ಲಿ ಎಳೆದಂತೆಯೋ ಅಮುಕಿದಂತೆಯೋ ಕಾಣುವುದು ಇದರಿಂದ.

ಇದಕ್ಕೆ ಎರಡು ಒಳ್ಳೆಯ ಪರಿಹಾರಗಳಿವೆ. ಮೊದಲನೆಯದು ಏರುಪೇರನ್ನೇ ಅಳೆದು ನಕ್ಷೆ ಮಾಡುವುದು. ಸ್ವಲ್ಪ ಸಮಯದ ಅಂತರದಲ್ಲಿ ಎರಡು ಚಿತ್ರ ತೆಗೆದು, ಪ್ರತಿ ಚುಕ್ಕಿಯಲ್ಲೂ ಪ್ರೋಟಾನುಗಳು ಆ ಅಂತರದಲ್ಲಿ ಎಷ್ಟು ಹೆಚ್ಚು ತಿರುಗಿವೆ ಎಂದು ನೋಡಿದರೆ ಅಲ್ಲಿನ ಕ್ಷೇತ್ರ ಗೊತ್ತಾಗುತ್ತದೆ. 1995ರಲ್ಲಿ ಪೀಟರ್ ಜೆಜಾರ್ಡ್ ಮತ್ತು ರಾಬರ್ಟ್ ಬಲಬಾನ್ ಈ ನಕ್ಷೆ ಹಿಡಿದು ಎಕೋ ಪ್ಲೇನರ್ ಚಿತ್ರಗಳನ್ನು ನೇರ ಮಾಡಿದರು. ಎರಡನೆಯದು ನನಗೆ ಹೆಚ್ಚು ಹಿಡಿಸಿದ್ದು. ಅದೇ ಚಿತ್ರವನ್ನು ಎರಡು ಸಲ, ಸೊಟ್ಟ ಒಮ್ಮೆ ಎಡಕ್ಕೂ ಇನ್ನೊಮ್ಮೆ ಬಲಕ್ಕೂ ಬೀಳುವಂತೆ ತೆಗೆಯುವುದು. ಎರಡೂ ಚಿತ್ರಗಳು ತಪ್ಪು. ಆದರೆ ತಪ್ಪಿನ ಅಳತೆ ಒಂದೇ, ದಿಕ್ಕು ಮಾತ್ರ ವಿರುದ್ಧ. ಅವೆರಡನ್ನೂ ಹೊಂದಿಸುವ ಲೆಕ್ಕ ಮಾಡಿದರೆ ನಿಜವಾದ ಆಕಾರ ನಡುವೆ ಸಿಗುತ್ತದೆ.

ಕೊಬ್ಬಿನದು ಇನ್ನೊಂದು ತಂಟೆ. ಕೊಬ್ಬಿನ ಪ್ರೋಟಾನು ನೀರಿನದಕ್ಕಿಂತ ಹತ್ತು ಲಕ್ಷದಲ್ಲಿ ಸುಮಾರು 3.5 ಭಾಗ ನಿಧಾನ, 1.5 ಟೆಸ್ಲಾದಲ್ಲಿ ಸುಮಾರು 220 ಹರ್ಟ್ಸ್. ಆ ಆವೃತ್ತಿಯನ್ನು ಗುರಿಯಿಟ್ಟು ಕೊಬ್ಬಿನ ಸಂಕೇತವನ್ನು ಅಳಿಸುವುದುಂಟು. ಭುಜ, ಕತ್ತಿನಂಥ ಜಾಗಗಳಲ್ಲಿ ಕ್ಷೇತ್ರವೇ ಅಷ್ಟು ಏರುಪೇರಾದರೆ ಕೊಬ್ಬು ಉಳಿದು ನೀರು ಅಳಿಸಿಹೋಗುತ್ತದೆ, ಊತ ಇಲ್ಲದ ಕಡೆ ಊತ ಕಂಡಂತಾಗುತ್ತದೆ. 1984ರಲ್ಲಿ ಥಾಮಸ್ ಡಿಕ್ಸನ್ ತೋರಿಸಿದ ಉಪಾಯ, ಕೊಬ್ಬು ಮತ್ತು ನೀರು ಒಂದೇ ದಿಕ್ಕಿನಲ್ಲಿರುವಾಗ ಒಂದು ಚಿತ್ರ, ವಿರುದ್ಧ ದಿಕ್ಕಿನಲ್ಲಿರುವಾಗ ಇನ್ನೊಂದು ಚಿತ್ರ ತೆಗೆದು ಕೂಡಿ ಕಳೆಯುವುದು. ಮೂರನೆಯ ಅಳತೆಯನ್ನೂ ಸೇರಿಸಿಕೊಂಡರೆ ಏರುಪೇರನ್ನೂ ಲೆಕ್ಕದಿಂದ ತೆಗೆದುಹಾಕಬಹುದು. ಇಂದು ಡಿಕ್ಸನ್ ವಿಧಾನ ಆಸ್ಪತ್ರೆಗಳ ದಿನನಿತ್ಯದ ಕೆಲಸವಾಗಿದೆ.

ಈಗ ಲೋಹದ ವಿಷಯ. ಟೈಟಾನಿಯಂ ಕ್ಷೇತ್ರವನ್ನು ಕೆಡಿಸುವುದಕ್ಕಿಂತ ಕೋಬಾಲ್ಟ್ ಕ್ರೋಮಿಯಂ ಹಲವು ಪಟ್ಟು ಹೆಚ್ಚು ಕೆಡಿಸುತ್ತದೆ, ಸ್ಟೀಲ್ ಇನ್ನೂ ಹೆಚ್ಚು. ಬದಲಿ ಸೊಂಟದ ಕೀಲಿನ ಪಕ್ಕದಲ್ಲಿ ವ್ಯತ್ಯಾಸ ಹರ್ಟ್ಸ್‌ಗಳಲ್ಲಿ ಅಲ್ಲ, ಸಾವಿರಾರು ಹರ್ಟ್ಸ್‌ಗಳಲ್ಲಿ ಇರುತ್ತದೆ. ಸ್ಪಿನ್ ಎಕೋ ಚದುರಿದ್ದನ್ನು ಕೂಡಿಸುತ್ತದೆ ನಿಜ, ಆದರೆ ಜಾಗ ತಪ್ಪಿದ್ದನ್ನು ಅದು ಜಾಗಕ್ಕೆ ತರುವುದಿಲ್ಲ. ಒಂದು ಪದರವನ್ನು ಆರಿಸಿಕೊಂಡೆವು ಎಂದುಕೊಂಡರೆ ಲೋಹದ ಬಳಿ ಆ ಪದರ ಉಬ್ಬಿ ತಗ್ಗಿ ಪಕ್ಕದ ಪದರಗಳೊಳಗೆ ನುಗ್ಗಿರುತ್ತದೆ. ಹಲವು ಕಡೆಯ ಸಂಕೇತ ಒಂದೇ ಕಡೆ ಬಿದ್ದಲ್ಲಿ ಆ ಬಿಳಿ ಗೆರೆ, ಅವು ಬಿಟ್ಟುಬಂದ ಜಾಗದಲ್ಲಿ ಕರಿ ಹಳ್ಳ.

2009ರಲ್ಲಿ ಇದಕ್ಕೆ ಎರಡು ವಿಧಾನಗಳು ಬೆನ್ನುಬೆನ್ನಿಗೆ ಬಂದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗುಂಪಿನ ‘ಸೆಮ್ಯಾಕ್’, ಕೆಟ್ಟ ಪದರ ಯಾವ ಯಾವ ಆಳಕ್ಕೆ ನುಗ್ಗಿದೆ ಎಂಬುದನ್ನು ಹೆಚ್ಚುವರಿ ಅಳತೆಗಳಿಂದ ಪತ್ತೆಮಾಡಿ ಪ್ರತಿ ಸಂಕೇತವನ್ನೂ ಅದರ ಸ್ವಂತ ಸ್ಥಳಕ್ಕೆ ಹಿಂದಿರುಗಿಸುತ್ತದೆ. ಕೆವಿನ್ ಕಾಕ್ ಮತ್ತು ಜೊತೆಗಾರರ ‘ಮಾವರಿಕ್’ ಪದರಗಳ ಗೊಡವೆಯನ್ನೇ ಬಿಟ್ಟಿತು. ಆವೃತ್ತಿಯ ಇಡೀ ಹರಹನ್ನು ಹೋಳುಗಳಾಗಿ ಮಾಡಿ, ಒಂದೊಂದು ಹೋಳಿಗೂ ಪ್ರತ್ಯೇಕವಾಗಿ ಮೂರು ಆಯಾಮದ ಚಿತ್ರ ತೆಗೆದು, ಕೊನೆಗೆ ಎಲ್ಲವನ್ನೂ ಸೇರಿಸುತ್ತದೆ. ಎರಡಕ್ಕೂ ಸಮಯ ಹೆಚ್ಚು ಬೇಕು. ಆದರೆ ಬದಲಿ ಕೀಲಿನ ಸುತ್ತ ಸೋಂಕು ಕೂತಿದೆಯೇ, ಮೂಳೆ ಸವೆಯುತ್ತಿದೆಯೇ ಎಂದು ಮೊದಲು ಕಾಣದಿದ್ದದ್ದು ಈಗ ಕಾಣುತ್ತದೆ. ಹೊಸ ಯಂತ್ರಗಳಲ್ಲಿ ಇಂಥ ವಿಧಾನಗಳು ಸಿಗುತ್ತವೆ. ಇಲ್ಲದ ಕಡೆಯೂ 3 ಟೆಸ್ಲಾಕ್ಕೆ ಬದಲು 1.5 ಟೆಸ್ಲಾ ಯಂತ್ರ ಬಳಸುವುದು, ಚದುರಿದ್ದನ್ನು ಕೂಡಿಸದ ಗ್ರೇಡಿಯೆಂಟ್ ಎಕೋ ಬದಲು ವೇಗದ ಸ್ಪಿನ್ ಎಕೋ ಬಳಸುವುದು, ಆವೃತ್ತಿಯ ಗುರಿ ಬೇಡದ ‘ಸ್ಟಿರ್’ ವಿಧಾನದಿಂದ ಕೊಬ್ಬು ಅಳಿಸುವುದು ಮುಂತಾದ ಹಳೆಯ ಉಪಾಯಗಳಿಂದ ಹಳ್ಳವನ್ನು ಬಹಳಷ್ಟು ಕಿರಿದುಗೊಳಿಸಬಹುದು.

ಹಾಗಾಗಿ ಮೈಯಲ್ಲಿ ಲೋಹ ಇರುವವರು ಸ್ಕ್ಯಾನ್‌ಗೆ ಸಮಯ ಗೊತ್ತುಮಾಡುವಾಗಲೇ ಅದನ್ನು ಹೇಳಬೇಕು. ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಚೀಟಿಯನ್ನೂ ಇಂಪ್ಲಾಂಟ್ ಕಾರ್ಡನ್ನೂ ಜೋಪಾನ ಮಾಡಿ ಒಯ್ಯಬೇಕು. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇವುಗಳದ್ದು ಚಿತ್ರದ ಸೊಟ್ಟಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಅವುಗಳ ಮಾದರಿ ಯಾವುದೆಂದು ಖಚಿತವಾಗದೆ ಒಳಗೆ ಹೋಗಬಾರದು. ಕೂದಲ ಪಿನ್ನು, ಉಡುಪಿನ ಕೊಕ್ಕೆ ತೆಗೆಯಿರಿ ಎಂದು ತಂತ್ರಜ್ಞರು ಒತ್ತಾಯಿಸುವುದನ್ನು ಕಿರಿಕಿರಿ ಎಂದುಕೊಳ್ಳಬೇಡಿ. ಕಣ್ಣಿಗೆ ಹಚ್ಚುವ ಕೆಲವು ಬಣ್ಣಗಳಲ್ಲಿನ ಕಬ್ಬಿಣದ ಆಕ್ಸೈಡ್ ಕೂಡ ಕಣ್ಣಿನ ಚಿತ್ರವನ್ನು ಕೆಡಿಸಬಲ್ಲದು.

ಏರುಪೇರೇ ರೋಗದ ಸುಳಿವಾಗುವುದೂ ಉಂಟು. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತದತ್ತ ಒಲಿಯುತ್ತದೆ ಎಂದು ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕಾರ್ಯೆಲ್ 1936ರಲ್ಲೇ ತೋರಿಸಿದ್ದರು. ಅಂಥ ರಕ್ತ ಇರುವ ನಾಳದ ಸುತ್ತ ಕ್ಷೇತ್ರ ಕೊಂಚ ಕೆಡುತ್ತದೆ. 1990ರಲ್ಲಿ ಸೇಜಿ ಒಗಾವಾ ಇದನ್ನು ಹಿಡಿದು, ಮಿದುಳಿನ ಯಾವ ಭಾಗಕ್ಕೆ ಹೊಸ ರಕ್ತ ನುಗ್ಗುತ್ತಿದೆ ಎಂಬುದನ್ನು ಚಿತ್ರದಲ್ಲಿ ಓದುವ ದಾರಿ ತೆರೆದರು. ಕೆಲಸ ಮಾಡುತ್ತಿರುವ ಮಿದುಳನ್ನು ನೋಡುವ ಎಫ್‌ಎಂಆರ್‌ಐ ಹುಟ್ಟಿದ್ದು ಹೀಗೆ. ಮಾರ್ಕ್ ಹಾಕೆ ಮತ್ತು ಸಂಗಡಿಗರು ಬೆಳೆಸಿದ ಎಸ್‌ಡಬ್ಲ್ಯುಐ ವಿಧಾನ ಸಾಸಿವೆಗಿಂತ ಚಿಕ್ಕ ರಕ್ತಸ್ರಾವವನ್ನೂ ಕರಿ ಚುಕ್ಕಿಯಾಗಿ ತೋರಿಸುತ್ತದೆ. ಹೆಲ್ಮೆಟ್ ಇಲ್ಲದೆ ಬಿದ್ದು ಪ್ರಜ್ಞೆ ಮರಳದವರ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗ ಇದರಲ್ಲಿ ಕಾಣುವುದುಂಟು.

ಕಾಂತದ ಸುರಂಗವನ್ನೇ ಬಿಟ್ಟು ಹೊರಬಂದವರೂ ಇದ್ದಾರೆ. ಜರ್ಮನಿಯ ಆಖನ್‌ನಲ್ಲಿ ಬರ್ನ್‌ಹಾರ್ಡ್ ಬ್ಲುಮಿಶ್ ಮತ್ತು ಸಹೋದ್ಯೋಗಿಗಳು 1990ರ ದಶಕದ ನಡುವೆ ಕೈಯಲ್ಲಿ ಹಿಡಿಯಬಹುದಾದ ‘ಎನ್‌ಎಂಆರ್ ಮೌಸ್’ ಮಾಡಿದರು. ವಸ್ತುವಿನ ಮೇಲೆ ಇಟ್ಟರೆ ಸಾಕು, ಅದನ್ನು ಒಳಗೆ ತೂರಿಸಬೇಕಿಲ್ಲ. ಅಂಥ ಕಾಂತದ ಮುಂದೆ ಕ್ಷೇತ್ರದ ಇಳಿಜಾರು ಮೀಟರಿಗೆ ಸುಮಾರು 20 ಟೆಸ್ಲಾದಷ್ಟು ಕಡಿದು, ಆಸ್ಪತ್ರೆಯ ಯಂತ್ರದ ಗ್ರೇಡಿಯೆಂಟಿನ ನೂರಾರು ಪಟ್ಟು. ಎಕೋಗಳ ಸರಪಣಿಯಿಂದಾಗಿ ಅಲ್ಲೂ ಸಂಕೇತ ಸಿಗುತ್ತದೆ, ಕಡಿದಾದ ಇಳಿಜಾರಿನಿಂದಲೇ ಕೂದಲೆಳೆಗಿಂತ ತೆಳ್ಳನೆಯ ಪದರಗಳನ್ನು ಬೇರ್ಪಡಿಸಿ ನೋಡಲು ಆಗುತ್ತದೆ. ಟಯರು, ಹಳೆಯ ವರ್ಣಚಿತ್ರಗಳ ಬಣ್ಣದ ಪದರ, ಸಾವಿರಾರು ವರ್ಷದ ಶವಗಳು, ಎಲ್ಲವನ್ನೂ ಮುಟ್ಟಿ ಕೆಡಿಸದೆ ಪರೀಕ್ಷಿಸಿದ್ದಾರೆ. ತೈಲಬಾವಿಗಳಲ್ಲಿ ಕಾಂತವನ್ನೇ ಕೊಳವೆಗಿಳಿಸಿ ಸುತ್ತಲಿನ ಬಂಡೆಯಲ್ಲಿ ಎಣ್ಣೆ, ನೀರು ಎಷ್ಟಿದೆ ಎಂದು ಅಳೆಯುವುದೂ ಇದೇ ಬಗೆಯದು.

ಇದೆಲ್ಲ ಸೇರಿ ಈಗ ಒಂದು ದೊಡ್ಡ ಬದಲಾವಣೆಗೆ ದಾರಿಯಾಗಿದೆ. ಶಾಶ್ವತ ಕಾಂತದ ಸಾವಿರಾರು ಚಿಕ್ಕ ತುಂಡುಗಳನ್ನು ಉಂಗುರಗಳಾಗಿ ಜೋಡಿಸಿ, ಒಳಗೆ ಸುಮಾರು 0.05 ಟೆಸ್ಲಾ ಕ್ಷೇತ್ರ ಪಡೆಯಬಹುದು. ಹೀಲಿಯಂ ಬೇಡ, ಕಾಂತಕ್ಕೆ ವಿದ್ಯುತ್ತೂ ಬೇಡ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಆಂಡ್ರ್ಯೂ ವೆಬ್ ಅವರ ತಂಡ ಮಾಡಿದ ಇಂಥ ಕಾಂತದಲ್ಲಿ ತಲೆ ಹಿಡಿಸುವಷ್ಟು ಜಾಗದಲ್ಲಿ ಏರುಪೇರು ಹತ್ತು ಲಕ್ಷದಲ್ಲಿ ಸುಮಾರು 2,400 ಭಾಗ. ಆಸ್ಪತ್ರೆಯ ಯಂತ್ರದ ಲೆಕ್ಕದಲ್ಲಿ ಇದನ್ನು ಗುಜರಿಗೆ ಹಾಕಬೇಕು. ಆದರೆ ಕ್ಷೇತ್ರ ಚಿಕ್ಕದಾದ್ದರಿಂದ ಆವೃತ್ತಿಯೂ ಚಿಕ್ಕದು, ಸುಮಾರು 2.1 ಮೆಗಾಹರ್ಟ್ಸ್. ಅದರಲ್ಲಿ 2,400 ಭಾಗವೆಂದರೆ ಐದು ಸಾವಿರ ಹರ್ಟ್ಸ್ ಚಿಲ್ಲರೆ. ಸ್ಪಿನ್ ಎಕೋ ಮತ್ತು ಕ್ಷೇತ್ರದ ನಕ್ಷೆ ಎರಡೂ ಕೈಯಲ್ಲಿದ್ದರೆ ಇದನ್ನು ನಿಭಾಯಿಸಬಹುದು. ದುರ್ಬಲ ಕ್ಷೇತ್ರದಲ್ಲಿ ಲೋಹದ ಕಾಟವೂ ಅಷ್ಟೇ ಕಡಿಮೆ. ಈ ವಿನ್ಯಾಸದ ಯಂತ್ರವೊಂದನ್ನು ಉಗಾಂಡದ ಎಂಬರಾರಾ ವಿಶ್ವವಿದ್ಯಾಲಯದಲ್ಲಿ, ಅಲ್ಲಿಯವರೇ ಕೈಜೋಡಿಸಿ, ಬಿಡಿಭಾಗಗಳಿಂದ ಕಟ್ಟಿ ನಿಲ್ಲಿಸಿದ್ದಾರೆ. ಗುರಿ, ತಲೆಯಲ್ಲಿ ನೀರು ತುಂಬಿಕೊಳ್ಳುವ ಹೈಡ್ರೋಸೆಫಲಸ್ ಇರುವ ಮಕ್ಕಳು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಲಾರಿಸ್ಸಾ ಕೂಲಿ, ಲಾರೆನ್ಸ್ ವಾಲ್ಡ್ ಮತ್ತು ಜೊತೆಗಾರರು ಇನ್ನೂ ಮುಂದೆ ಹೋದರು. ಕಾಂತದ ಸಹಜ ಏರುಪೇರನ್ನೇ ಇಳಿಜಾರಾಗಿ ಬಳಸಿಕೊಂಡರೆ ಒಂದು ಜೊತೆ ಗ್ರೇಡಿಯೆಂಟ್ ಸುರುಳಿಯೇ ಬೇಡವಲ್ಲ ಎಂದು ಯೋಚಿಸಿದರು. ಮೊದಲು ಕಾಂತವನ್ನೇ ತಲೆಯ ಸುತ್ತ ತಿರುಗಿಸಿ ಚಿತ್ರ ಪಡೆದರು. 2021ರಲ್ಲಿ ಪ್ರಕಟಿಸಿದ ಯಂತ್ರದಲ್ಲಿ ಒಂದು ದಿಕ್ಕಿನ ಇಳಿಜಾರನ್ನು ಕಾಂತದೊಳಗೇ ಕಟ್ಟಿದ್ದರು. ಅದರ ಬಲ 0.08 ಟೆಸ್ಲಾ, ಕಾಂತದ ತೂಕ 122 ಕಿಲೋ. ಮಿನೆಸೋಟ ವಿಶ್ವವಿದ್ಯಾಲಯದ ಮೈಕೆಲ್ ಗಾರ್ವುಡ್ ಇನ್ನೊಂದು ದಾರಿ ಹಿಡಿದರು. ಆವೃತ್ತಿಯನ್ನು ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಹೋಗುವ ರೇಡಿಯೋ ಮಿಡಿತಗಳಿಂದ, ಬಹಳ ಏರುಪೇರಾದ ಕ್ಷೇತ್ರದಲ್ಲೂ ಎಲ್ಲ ಪ್ರೋಟಾನುಗಳನ್ನು ಸಮನಾಗಿ ಕದಲಿಸಬಹುದು. ಆಗ 1.5 ಟೆಸ್ಲಾದ ಕಾಂತವನ್ನೂ ತಲೆಗೆ ಮಾತ್ರ ಸಾಕಾಗುವಷ್ಟು ಚಿಕ್ಕದಾಗಿ ಮಾಡಲು ಸಾಧ್ಯ. ಹಾಂಗ್‌ಕಾಂಗ್‌ನ ಎಡ್ ವೂ ಅವರ ತಂಡ 2024ರಲ್ಲಿ ತೋರಿಸಿದ 0.05 ಟೆಸ್ಲಾದ ಯಂತ್ರ ಇಡೀ ದೇಹದ ಚಿತ್ರ ತೆಗೆಯುತ್ತದೆ, ಗೋಡೆಯ ಸಾಮಾನ್ಯ ಪ್ಲಗ್ಗಿನಿಂದಲೇ ನಡೆಯುತ್ತದೆ. 0.064 ಟೆಸ್ಲಾದ ಹೈಪರ್‌ಫೈನ್ ಕಂಪನಿಯ ಗಾಲಿ ಯಂತ್ರಕ್ಕೆ ಅಮೆರಿಕದಲ್ಲಿ 2020ರಲ್ಲೇ ಅನುಮತಿ ಸಿಕ್ಕಿದೆ.

ಇವುಗಳ ಚಿತ್ರ ಮಸುಕು ಎಂಬುದನ್ನು ಮುಚ್ಚಿಡಬಾರದು. 1.5 ಟೆಸ್ಲಾದಲ್ಲೇ ಹತ್ತು ಲಕ್ಷ ಪ್ರೋಟಾನುಗಳಲ್ಲಿ ಸುಮಾರು ಐದರಷ್ಟು ಮಾತ್ರ ಸಂಕೇತಕ್ಕೆ ಒದಗುತ್ತವೆ, 0.05 ಟೆಸ್ಲಾದಲ್ಲಿ ಅದರ ಮೂವತ್ತನೇ ಒಂದು ಪಾಲು. ಸಣ್ಣ ಗಡ್ಡೆ, ನರದ ಎಳೆ ಇವುಗಳಿಗೆ ದೊಡ್ಡ ಯಂತ್ರವೇ ಬೇಕು. ಕಂಪ್ಯೂಟರ್ ಕಲಿಕೆಯಿಂದ ಚಿತ್ರವನ್ನು ತಿಳಿಗೊಳಿಸುವಾಗ ಇಲ್ಲದ್ದು ಸೇರಿಕೊಳ್ಳದಂತೆ ಎಚ್ಚರ ವಹಿಸಬೇಕು. ಆದರೆ ಮಿದುಳಿನಲ್ಲಿ ದೊಡ್ಡ ರಕ್ತಸ್ರಾವವಿದೆಯೇ, ಮಗುವಿನ ತಲೆಯಲ್ಲಿ ನೀರು ತುಂಬುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಮಸುಕು ಚಿತ್ರವೂ ಉತ್ತರ ಕೊಡಬಲ್ಲದು. ಆ ಉತ್ತರ ಮೊದಲ ಗಂಟೆಯಲ್ಲೇ ಸಿಗುವುದು ಮುಖ್ಯ. ಬೀದರಿನ ಅಥವಾ ಚಾಮರಾಜನಗರದ ಒಳಹಳ್ಳಿಯಿಂದ ಆಂಬುಲೆನ್ಸಿನಲ್ಲಿ ಹೊರಟ ಕುಟುಂಬಕ್ಕೆ ಟೆಸ್ಲಾದ ಸಂಖ್ಯೆಗಿಂತ ರಸ್ತೆಯ ಕಿಲೋಮೀಟರುಗಳು ಹೆಚ್ಚು ಲೆಕ್ಕಕ್ಕೆ ಬರುತ್ತವೆ. ಯಂತ್ರವನ್ನು ಅದರ ಕಾಂತಬಲದಿಂದ ಮಾತ್ರ ಅಳೆಯುವ ನಮ್ಮ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅಬರ್ಡೀನಿನವರು ಮೊದಲ ರೋಗಿಯನ್ನು ನೋಡಿದ ಕಾಂತ ಈ ಹೊಸ ಚಿಕ್ಕ ಯಂತ್ರಗಳಿಗಿಂತ ಬಲವಾದದ್ದೇನೂ ಆಗಿರಲಿಲ್ಲ.

ಲೈಡನ್ ಮಾದರಿಯ ಕಾಂತದ ವಿನ್ಯಾಸ ಯಾರು ಬೇಕಾದರೂ ಬಳಸಬಹುದಾದಂತೆ ಮುಕ್ತವಾಗಿ ಲಭ್ಯವಿದೆ. ಅದಕ್ಕೆ ಬೇಕಾದ ನಿಯೋಡಿಮಿಯಂ ಕಾಂತದ ತುಂಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅಳೆಯುವ, ತಿದ್ದುವ, ಲೆಕ್ಕ ಹಾಕುವ ಕೆಲಸ ಎರಡು ಮೂರು ವರ್ಷಗಳಲ್ಲಿ ಒಂದು ವಿದ್ಯಾರ್ಥಿ ತಂಡ ಕಲಿಯಬಹುದಾದದ್ದು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಬಯೋಮೆಡಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗಗಳು ಹತ್ತಿರದ ವೈದ್ಯಕೀಯ ಕಾಲೇಜಿನ ರೇಡಿಯಾಲಜಿ ವಿಭಾಗದ ಜೊತೆ ಕೂತು ಇಂಥ ಒಂದು ಯಂತ್ರ ಕಟ್ಟಲು ಕೈಹಾಕಬೇಕು. ಆರೋಗ್ಯ ಇಲಾಖೆ ಅಂಥ ಒಂದು ಯಂತ್ರವನ್ನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆಗೆ ಇಡಲು ಜಾಗ ಕೊಡಬೇಕು.